ರಬ್ಬರ್ ತೋಟದ ಪಾಸ್ಟರ್ ಓದೋದು ಯಾವಾಗ?

ಸುಳ್ಯದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ನಮ್ಮೂರಿನ ಪಾಸ್ಟರ್ ಬೆಳಗಿನ ಜಾವ ರಬ್ಬರ್ ಟ್ಯಾಪಿಂಗ್‌ಗೆ ಹೋಗ್ತಾರೆ, ಭಾನುವಾರ ಪ್ರಸಂಗ ಮಾಡ್ತಾರೆ. ಇವರು ಓದಿದ್ದು ಎಲ್ಲಿ, ಯಾವಾಗ?" ಅಂತ. ನಾನು ಓದಿದ್ದು ಬಿ.ಕಾಂ., ದೇವಶಾಸ್ತ್ರ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೂ ಪ್ರಶ್ನೆ ತಲೆಯಲ್ಲೇ ಕೂತುಬಿಡ್ತು, ಹುಡುಕಿಕೊಂಡು ಹೋದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೇನೆ. ಕ್ಯಾಥೊಲಿಕ್ ಪಾದ್ರಿಗಳ ದಾರಿ ಬೇರೆ. ಅವರದ್ದು ವರ್ಷಗಟ್ಟಲೆ ಸೆಮಿನರಿ ವಾಸ. ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಸೆಮಿನರಿ 1879ರಷ್ಟು ಹಳೆಯದು. ಪ್ರೊಟೆಸ್ಟೆಂಟರಿಗೂ ಕಾಲೇಜು ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಪರಂಪರೆಯಲ್ಲೇ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಬೆಳೆದದ್ದು. ಅಲ್ಲಿ ಬಿ.ಡಿ. ಪದವಿಗೆ ಸಾಮಾನ್ಯವಾಗಿ 4-5 ವರ್ಷ ಬೇಕು.

ಈಗ ನಮ್ಮ ಕಡೆ ನೋಡಿ. ಪುತ್ತೂರು, ಸುಳ್ಯ, ಕಡಬದ ಗುಡ್ಡಗಳಲ್ಲಿ ಚಿಕ್ಕ ಚಿಕ್ಕ ಸ್ವತಂತ್ರ ಸಭೆಗಳಿವೆ. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಮನೆಯಲ್ಲಿ ಮಲಯಾಳ ಮಾತಾಡ್ತವೆ. 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆ ಸೇರಿದವರದ್ದು ತಮಿಳು. ಪೇಟೆಯಲ್ಲಿ ತುಳು, ಸುಳ್ಯದ ಕಡೆ ಅರೆಭಾಷೆ, ಶಾಲೆಯಲ್ಲಿ ಕನ್ನಡ. ಹೆಂಡತಿ ಮಕ್ಕಳಿದ್ದು, ದಿನದ ಕೂಲಿಯಲ್ಲಿ ಬದುಕುವ ಸಭಾಪಾಲಕ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿ ಕೂತರೆ ಮನೆ ಯಾರು ನೋಡ್ತಾರೆ ಮಾರಾಯ್ರೆ? ಸಭೆ ಯಾರು ನೋಡ್ತಾರೆ?

ಈ ಸಮಸ್ಯೆ ನಮ್ಮದು ಮಾತ್ರ ಅಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಒಂದು ಪ್ರೆಸ್ಬಿಟೇರಿಯನ್ ಸೆಮಿನರಿಗೂ ಇದೇ ತಲೆನೋವಿತ್ತು. ಹಳ್ಳಿಯ ನಾಯಕರಿಗೆ ಸೆಮಿನರಿಗೆ ಬರಲು ಆಗ್ತಿರಲಿಲ್ಲ. ಓದಲು ಬಂದವರಲ್ಲಿ ಹಲವರು ಹಳ್ಳಿಗೆ ಮರಳುತ್ತಿರಲಿಲ್ಲ. 1963ರ ಹೊತ್ತಿಗೆ ಅವರು ವ್ಯವಸ್ಥೆಯನ್ನೇ ತಿರುಗಿಸಿದರು: ವಿದ್ಯಾರ್ಥಿ ಕಾಲೇಜಿಗೆ ಬರೋದು ಬೇಡ, ಪಾಠವೇ ಊರಿಗೆ ಹೋಗಲಿ. ಭಾರತದಲ್ಲಿ ಇದೇ ಮಾದರಿಯಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ಟ್ಯಾಫ್ಟೀ ಎಂಬ ಸಂಸ್ಥೆ ಶುರುವಾಯಿತು.

ಇದು ಕೆಲಸ ಮಾಡೋದು ಹೇಗೆ? ಟೆಡ್ ವಾರ್ಡ್ ಎಂಬ ಅಮೆರಿಕನ್ ಶಿಕ್ಷಣತಜ್ಞ ಇದನ್ನು ಬೇಲಿಗೆ ಹೋಲಿಸಿದ್ದರು. ಬೇಲಿಯ ಅಡ್ಡಪಟ್ಟಿಗಳಲ್ಲಿ ಒಂದು ಮನೆಯ ಓದು, ಇನ್ನೊಂದು ಸಭೆಯ ದಿನನಿತ್ಯದ ಕೆಲಸ. ಎರಡನ್ನೂ ಹಿಡಿದು ನಿಲ್ಲಿಸುವ ಕಂಬಗಳೇ ಗುಂಪಿನ ಭೇಟಿಗಳು. ವಾರವಿಡೀ ವರ್ಕ್‌ಬುಕ್ ಓದಿ ಉತ್ತರ ಬರೆಯೋದು, ಆಮೇಲೆ ಐದಾರು ಜನ ಒಟ್ಟಿಗೆ ಕೂರೋದು. ಅಲ್ಲಿರುವ ಟ್ಯೂಟರ್ ಲೆಕ್ಚರ್ ಕೊಡಲ್ಲ, ಪ್ರಶ್ನೆ ಕೇಳ್ತಾರೆ.

ಕಡಬ ಹತ್ತಿರದ ಒಂದು ಮನೆಯಲ್ಲಿ ಅಂಥ ಗುಂಪಿನ ಜೊತೆ ಒಂದು ಸಂಜೆ ಕೂತಿದ್ದೆ. ಪ್ಲಾಸ್ಟಿಕ್ ಕುರ್ಚಿ, ಕಟ್ಟಂಚಾಯ, ಏಳು ಜನ, ಅದರಲ್ಲಿ ಇಬ್ಬರು ಹೆಂಗಸರು. ಆ ವಾರದ ಪಾಠ ಕಾಯಿಲೆ ಮತ್ತು ಪ್ರಾರ್ಥನೆ ಬಗ್ಗೆ. ಒಬ್ಬರು ತಮ್ಮ ಪ್ರಸಂಗದ ಸಾರಾಂಶ ಹೇಳಿದ್ರು: ನಂಬಿಕೆ ಗಟ್ಟಿಯಿದ್ದರೆ ಮದ್ದು ಬೇಡ ಅಂತ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೆಂಗಸರಲ್ಲಿ ಒಬ್ಬರು ಮೆಲ್ಲಗೆ ಕೇಳಿದ್ರು, "ನಿಮ್ಮ ಸಭೆಯಲ್ಲಿ ಯಾರಾದ್ರೂ ಮಾತ್ರೆ ಬಿಟ್ಟಿದ್ದಾರಾ?" ಅವರು ತಲೆ ತಗ್ಗಿಸಿದ್ರು. ಒಬ್ಬ ಅಜ್ಜಿ ಬಿಪಿ ಮಾತ್ರೆ ನಿಲ್ಲಿಸಿದ್ರಂತೆ.

ಯಾರೂ ಬೈಯಲಿಲ್ಲ. ಪುಸ್ತಕ ತೆರೆದ್ರು, ವಾಕ್ಯ ಓದಿದ್ರು, ಲೂಕನೇ ವೈದ್ಯನಾಗಿದ್ದ ಅಂತ ಒಬ್ಬರು ನೆನಪಿಸಿದ್ರು. ಕೊನೆಗೆ ಒಂದು ನಿರ್ಧಾರ ಆಯ್ತು: ಮರುದಿನವೇ ಅಜ್ಜಿ ಮನೆಗೆ ಹೋಗಿ, ಮಾತ್ರೆ ಶುರು ಮಾಡಿಸಿ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಬೇಕು. ಮುಂದಿನ ಭಾನುವಾರ ಅದನ್ನು ಸಭೆಯ ಮುಂದೆ ಹೇಳಲೂ ಬೇಕು. ಅವರು ಒಪ್ಪಿದ್ರು.

ನನಗೆ ಆಗ ಆಡಿಟ್ ಪಾಠ ನೆನಪಾಯ್ತು. ಲೆಕ್ಕ ಬರೆದವನೇ ಲೆಕ್ಕ ಪರಿಶೋಧನೆ ಮಾಡಬಾರದು, ಅಲ್ವಾ? ಗುಡ್ಡದ ಮೇಲಿನ ಒಂಟಿ ಸಭೆಯಲ್ಲಿ ಮೈಕ್ ಹಿಡಿಯುವವರು ಒಬ್ಬರೇ. ತಪ್ಪು ಹೇಳಿದರೂ ಎದುರು ಪ್ರಶ್ನೆ ಕೇಳುವವರಿಲ್ಲ. ವರ್ಕ್‌ಬುಕ್ ಅನ್ನು ಒಬ್ಬರೇ ಕೂತೂ ಓದಬಹುದು. ಆದರೆ ಓದಿದ್ದನ್ನು ತಪ್ಪಾಗಿ ಅರ್ಥ ಮಾಡ್ಕೊಂಡ್ರೆ ಅದು ಗೊತ್ತಾಗೋದು ಇನ್ನೊಬ್ಬರ ಮುಂದೆ ಹೇಳಿದಾಗ ಮಾತ್ರ. ಈ ತರಬೇತಿಯ ನಿಜವಾದ ಬೆಲೆ ಇರೋದು ಅಲ್ಲಿ.

ಕೊರತೆ ಇಲ್ವಾ? ಇದೆ. ಎಲ್ಲರೂ ಒಂದೇ ಅಭಿಪ್ರಾಯದವರಾದ್ರೆ ಪ್ರಶ್ನೆಯೇ ಏಳಲ್ಲ. ಟ್ಯೂಟರ್ ದುರ್ಬಲರಾದ್ರೆ ಗುಂಪು ಬರೀ ಪ್ರಾರ್ಥನಾ ಕೂಟ ಆಗ್ತದೆ. ಮೂಲ ಗ್ರೀಕ್, ಹೀಬ್ರೂ ಕಲಿಯಲು, ದೊಡ್ಡ ಲೈಬ್ರರಿಯಲ್ಲಿ ಕೂರಲು ಕಾಲೇಜೇ ಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದ್ರೆ ಎರಡು ವಾರ ಭೇಟಿ ಇಲ್ಲ. ಹಾಗಾಗಿ ಇದು ಸೆಮಿನರಿಗೆ ಬದಲಿ ಅಂತ ನಾನು ಹೇಳಲ್ಲ. ಸೆಮಿನರಿಗೆ ಹೋಗಲಾರದವರು ಓದಿಲ್ಲದೆ ಉಳಿಯಬಾರದಲ್ಲ, ಅದಕ್ಕೆ ಇದು.

ಸುಳ್ಯದ ಕೇಳುಗರೇ, ನಿಮ್ಮ ಪಾಸ್ಟರ್ ಎಲ್ಲಿ ಓದಿದ್ರು ಅಂತ ಕೇಳಿದ್ರಿ. ಅದರ ಜೊತೆ ಇನ್ನೊಂದನ್ನೂ ಅವರ ಹತ್ತಿರ ಕೇಳಿ ನೋಡಿ: ನಿಮ್ಮನ್ನು ಪ್ರಶ್ನೆ ಮಾಡುವವರು ಯಾರಿದ್ದಾರೆ ಅಂತ. ಉತ್ತರ ಸಿಕ್ಕಿದ್ರೆ ನನಗೂ ಒಂದು ವಾಯ್ಸ್ ಮೆಸೇಜ್ ಹಾಕಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.