ರೋಗಿಯ ಕಥೆ ಕೇಳಿದ ವೈದ್ಯ: ಆಲಿವರ್ ಸ್ಯಾಕ್ಸ್

ನರರೋಗ ತಜ್ಞರನ್ನು ಕಾಣಬೇಕಾದರೆ ಗೂಡಲೂರು, ಮಸಿನಗುಡಿಯ ನಮ್ಮವರು ಸಾಮಾನ್ಯವಾಗಿ ಮೈಸೂರಿಗೋ ಕೊಯಮತ್ತೂರಿಗೋ ಹೋಗುತ್ತಾರೆ. ಅಷ್ಟು ದೂರ ಹೋದರೂ ವೈದ್ಯರ ಎದುರು ಕೂರಲು ಸಿಗುವುದು ಕೆಲವೇ ನಿಮಿಷ. ರೋಗಿಯ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತು, ರೋಗವನ್ನಷ್ಟೇ ಅಲ್ಲ, ಆತನ ಬದುಕನ್ನೂ ಕೇಳಿ ಬರೆದಿಟ್ಟ ತಜ್ಞರೊಬ್ಬರಿದ್ದರು. ಅವರೇ ಆಲಿವರ್ ಸ್ಯಾಕ್ಸ್.

1933ರ ಜುಲೈ 9ರಂದು ಲಂಡನ್ನಿನ ಯಹೂದಿ ಕುಟುಂಬವೊಂದರಲ್ಲಿ ಅವರು ಜನಿಸಿದರು. ತಂದೆ ತಾಯಿ ಇಬ್ಬರೂ ವೈದ್ಯರು. ಆಕ್ಸ್‌ಫರ್ಡಿನಲ್ಲಿ ಓದಿ, 1960ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ತೆರಳಿದರು. 1966ರಲ್ಲಿ ನ್ಯೂಯಾರ್ಕಿನ ಬೆತ್ ಅಬ್ರಹಾಂ ಆಸ್ಪತ್ರೆ ಸೇರಿದಾಗ ಅಲ್ಲಿ ಸುಮಾರು 80 ಮಂದಿ ವಿಚಿತ್ರ ರೋಗಿಗಳಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಹಬ್ಬಿದ ನಿದ್ರಾರೋಗದಿಂದ ಬದುಕುಳಿದವರು ಅವರು. ಅನೇಕರು ದಶಕಗಳಿಂದ ಮಾತಿಲ್ಲದೆ, ಚಲನೆಯಿಲ್ಲದೆ ಕಲ್ಲಿನಂತೆ ಕುಳಿತಿದ್ದರು. ಮಿದುಳಿನಲ್ಲಿ ಚಲನೆಯನ್ನು ನಡೆಸುವ ಡೋಪಮೈನ್ ಎಂಬ ರಾಸಾಯನಿಕ ಅವರಲ್ಲಿ ಬತ್ತಿತ್ತು. ಡೋಪಮೈನನ್ನು ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟದು. ಎಲ್-ಡೋಪ ದಾಟಿ, ಒಳಗೆ ಡೋಪಮೈನ್ ಆಗಿ ಮಾರ್ಪಡುತ್ತದೆ. (ಮುಟ್ಟಿದರೆ ತುರಿಕೆ ಹತ್ತಿಸುವ ನಮ್ಮ ನಸುಗುನ್ನಿಯ ಬೀಜದಲ್ಲಿಯೂ ಇದೇ ವಸ್ತುವಿದೆ.) 1969ರಲ್ಲಿ ಸ್ಯಾಕ್ಸ್ ಈ ಔಷಧ ಕೊಟ್ಟಾಗ ಹಲವರು ಎದ್ದು ನಡೆದರು, ಮಾತನಾಡಿದರು. ಆದರೆ ಆ ಎಚ್ಚರ ಬಹುಮಂದಿಗೆ ಉಳಿಯಲಿಲ್ಲ. ತಡೆಯಲಾಗದ ಸೆಳೆತ, ಉದ್ವೇಗಗಳು ಬಂದವು. ಸೋಲನ್ನೂ ಮುಚ್ಚಿಡದೆ ಅವರು ಬರೆದ ‘ಅವೇಕನಿಂಗ್ಸ್’ 1973ರಲ್ಲಿ ಪ್ರಕಟವಾಯಿತು. ರೋಗಿಗಳ ಬದುಕನ್ನು ಸಾಹಿತ್ಯದ ಸರಕಾಗಿಸಿದರೆಂಬ ಆಕ್ಷೇಪವೂ ಅವರ ಮೇಲಿತ್ತು. ಅದನ್ನು ತಳ್ಳಿಹಾಕುವಂತಿಲ್ಲ.

ಆ ಪುಸ್ತಕದ ಪುಟಗಳನ್ನು ಅವರು ತಾಯಿಗೆ ಓದಿ ಹೇಳುತ್ತಿದ್ದರು. ಅದೇ ತಾಯಿ ಹಿಂದೊಮ್ಮೆ ಆಡಿದ್ದ ಮಾತು ಅವರನ್ನು ಬಹುಕಾಲ ಕಾಡಿತ್ತು. ಹದಿನೆಂಟರ ವಯಸ್ಸಿನಲ್ಲಿ, ತನ್ನ ಒಲವು ಹುಡುಗರ ಕಡೆಗೆಂದು ಸ್ಯಾಕ್ಸ್ ತಂದೆಯ ಬಳಿ ಒಪ್ಪಿಕೊಂಡರು. ಅಮ್ಮನಿಗೆ ಹೇಳಬೇಡಿರೆಂದು ಬೇಡಿಕೊಂಡರು. ತಂದೆ ಹೇಳಿಬಿಟ್ಟರು. ನೀನು ಹುಟ್ಟಲೇಬಾರದಿತ್ತು ಎಂದು ತಾಯಿ ಶಪಿಸಿದರು. ಆಮೇಲೆ ಆ ವಿಷಯವನ್ನು ಜೀವವಿರುವವರೆಗೂ ಎತ್ತಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧ ಅಪರಾಧ. ಕಾನೂನು ಸಡಿಲವಾದದ್ದು 1967ರಲ್ಲಿ. ತಾಯಿ ಬೆಳೆದ ಕಾಲವನ್ನು ನೆನೆದು ಮಗ ಅವರನ್ನು ಅರ್ಥಮಾಡಿಕೊಂಡರು. ಆದರೂ ಸುಮಾರು 35 ವರ್ಷ ಯಾರ ಜೊತೆಯೂ ಇಲ್ಲದೆ ಒಂಟಿಯಾಗಿ ಕಳೆದರು.

ನಮ್ಮಲ್ಲಿ ಆ ಕಾನೂನಿನ ಹೊರೆ ಇಳಿದದ್ದು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅದಕ್ಕೂ ಐದು ವರ್ಷ ಮೊದಲೇ, 2013ರಲ್ಲಿ, ಸಂಡೂರಿನ ವಸುಧೇಂದ್ರರು ‘ಮೋಹನಸ್ವಾಮಿ’ ಕಥಾಸಂಕಲನದ ಮೂಲಕ ಕನ್ನಡದಲ್ಲಿ ಈ ಬದುಕಿಗೆ ಮಾತು ಕೊಟ್ಟಿದ್ದರು. ಮನೆಯೊಳಗಿನ ಮಾತು ಮಾತ್ರ ತೀರ್ಪಿನಿಂದ ಬದಲಾಗುವಂಥದ್ದಲ್ಲ. ಹದಿಹರೆಯದ ಮಗನೋ ಮಗಳೋ ಅಂಜುತ್ತ ಬಂದು ಹೇಳಿದಾಗ ಮೊದಲು ಬಾಯಿಗೆ ಬರುವ ನುಡಿ ಹೆತ್ತವರದೇ.

ಸ್ಯಾಕ್ಸ್ ತಮ್ಮ ಒಲವನ್ನು ಬಹಿರಂಗವಾಗಿ ಬರೆದದ್ದು 2015ರ ಆತ್ಮಕಥೆ ‘ಆನ್ ದ ಮೂವ್’ನಲ್ಲಿ. ಎಪ್ಪತ್ತೈದು ದಾಟಿದ ಮೇಲೆ ದೊರೆತ ಸಂಗಾತಿ, ಲೇಖಕ ಬಿಲ್ ಹೇಯ್ಸ್ ಅವರಿಗೆ ಅದನ್ನು ಅರ್ಪಿಸಿದರು. ಅದೇ ವರ್ಷದ ಆಗಸ್ಟ್ 30ರಂದು, 82ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ನಿಧನರಾದರು.