ವೀಸಾ ಅವನ ಹೆಸರಲ್ಲಿದ್ದರೂ ದಾರಿ ಇದೆ

"ಪೊಲೀಸರಿಗೆ ಹೇಳಿದರೆ ನಿನ್ನನ್ನೇ ಇಂಡಿಯಾಕ್ಕೆ ಅಟ್ಟುತ್ತಾರೆ." ಅಮೆರಿಕದಲ್ಲಿ ಗಂಡನಿಂದ ಹೊಡೆತ ತಿನ್ನುವ ಎಷ್ಟೋ ವಲಸಿಗ ಹೆಣ್ಣುಮಕ್ಕಳ ಬಾಯಿ ಕಟ್ಟಿಹಾಕುವುದು ಇದೇ ಬೆದರಿಕೆ.

ಆದರೆ ಅಲ್ಲಿನ ಕಾನೂನು ಕೇಳಿ. ಗಂಡ ಅಮೆರಿಕದ ಪ್ರಜೆಯೋ, ಗ್ರೀನ್ ಕಾರ್ಡ್ ಇರುವವನೋ ಆಗಿದ್ದರೆ, ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ 1994ರ ‘ವಾವಾ’ ಕಾಯ್ದೆಯಡಿ ಹೆಂಡತಿ ತಾನೇ ಗ್ರೀನ್ ಕಾರ್ಡ್‌ಗೆ ದಾರಿಯಾಗುವ ಐ-360 ಅರ್ಜಿ ಹಾಕಬಹುದು. ಅವನ ಸಹಿ ಬೇಡ. ವಲಸೆ ಇಲಾಖೆ ಅವನಿಗೆ ವಿಷಯ ತಿಳಿಸುವಂತೆಯೂ ಇಲ್ಲ.

ಗಂಡ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ, ಹೆಂಡತಿ ಅದನ್ನೇ ಅವಲಂಬಿಸಿದ ಎಚ್-4 ವೀಸಾದಲ್ಲಿ ಇದ್ದರೆ? ಬೆಂಗಳೂರಿನಿಂದ ಹೋದ ಎಷ್ಟೋ ಮನೆಗಳ ಸ್ಥಿತಿ ಇದು. ಇವರಿಗೆ ಆ ಅರ್ಜಿ ಇಲ್ಲ. ಇದು ದೊಡ್ಡ ಅನ್ಯಾಯ ಅಂತಲೇ ಹೇಳುತ್ತೇನೆ. ಆದರೂ ಯು ವೀಸಾ ಇದೆ. ಕೌಟುಂಬಿಕ ಹಿಂಸೆ, ಅತ್ಯಾಚಾರದಂಥ ಅಪರಾಧಕ್ಕೆ ತುತ್ತಾಗಿ, ತನಿಖೆಗೆ ನೆರವಾದವರಿಗೆ ಅದು ಸಿಗಬಹುದು. ವರ್ಷಕ್ಕೆ 10,000 ಮಾತ್ರ. ಹಾಗಾಗಿ ವರ್ಷಗಟ್ಟಲೆ ಕಾಯಬೇಕು.

ಊರಲ್ಲಿರುವ ಅಪ್ಪ ಅಮ್ಮಂದಿರೇ, ಮಗಳು ಫೋನಿನಲ್ಲಿ ತಡವರಿಸಿದರೆ "ಹೊಂದಿಕೊಂಡು ಹೋಗಮ್ಮ" ಅನ್ನಬೇಡಿ. ಅವಳ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟಿನ ಫೋಟೋ ನಿಮ್ಮ ಹತ್ತಿರ ಇರಲಿ. ನ್ಯೂಜೆರ್ಸಿಯ ‘ಮಾನವಿ’ ಸಂಸ್ಥೆ 1985ರಿಂದ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಜೊತೆ ನಿಂತಿದೆ. ಅಮೆರಿಕದ ರಾಷ್ಟ್ರೀಯ ಸಹಾಯವಾಣಿ 1-800-799-7233, ಹಗಲು ರಾತ್ರಿ ತೆರೆದಿರುತ್ತದೆ. ಗಂಡ ನೋಡದ ಫೋನಿನಿಂದ ಕರೆ ಮಾಡಲು ಮಗಳಿಗೆ ಹೇಳಿ. ದುಭಾಷಿ ಬೇಕೆಂದು ಕೇಳಬಹುದು.