ಕೋಷ್ಟಕದಲ್ಲಿ ಅಂಕಾಕ್ಷರ ವಿನ್ಯಾಸ

ಕನ್ನಡದ ಬರಹ ಎಡದಿಂದ ಬಲಕ್ಕೆ ಸಾಗುತ್ತದೆ. ಸಂಖ್ಯೆಯನ್ನು ಬರೆಯುವ ಕೈಯೂ ಅದೇ ದಿಕ್ಕಿನಲ್ಲಿ ಚಲಿಸುತ್ತದೆ. ಆದರೆ ಪೂರ್ಣಸಂಖ್ಯೆಯ ಬೆಲೆಗೆ ಆಧಾರ ಬಲತುದಿಯ ಏಕಸ್ಥಾನ. ಅಲ್ಲಿಂದ ದಶ, ಶತ, ಸಹಸ್ರವೆಂದು ಎಡಕ್ಕೆ ಏರುತ್ತ ಹೋಗುವುದು ನಮ್ಮ ಪ್ರಾಚೀನ ಗಣಿತಜ್ಞರ ಕ್ರಮ. ಕ್ರಿ.ಶ. ೯ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳನ್ನು ಹೆಸರಿಸಿದ್ದಾನೆ. ಅಂಕಿಗೆ ಅದರ ರೂಪವೆಷ್ಟು ಮುಖ್ಯವೋ ಅದು ನಿಂತ ಸ್ಥಾನವೂ ಅಷ್ಟೇ ಮುಖ್ಯ. ಕೋಷ್ಟಕರಚನೆಯ ಮೊದಲ ನಿಯಮ ಹುಟ್ಟಿರುವುದು ಇಲ್ಲಿಂದಲೇ.

ಹೆಸರು, ಊರು, ವಿವರ ಮೊದಲಾದ ಅಕ್ಷರಭಾಗವು ಕಂಬಸಾಲಿನ ಎಡಗೆರೆಗೆ ಆತು ನಿಲ್ಲಬೇಕು. ಮೊತ್ತ, ಅಳತೆ, ಎಣಿಕೆಗಳು ಬಲಗೆರೆಗೆ ಆತು ನಿಲ್ಲಬೇಕು. ೯೦೫, ೮೭, ೧,೨೪೦ ಎಂಬ ಮೂರು ಮೊತ್ತಗಳನ್ನು ಎಡಕ್ಕೆ ಸರಿಹೊಂದಿಸಿ ಒಂದರ ಕೆಳಗೊಂದು ಬರೆದರೆ, ಒಂಬತ್ತು ನೂರರ ಕೆಳಗೆ ಎಂಟು ಹತ್ತು, ಅದರ ಕೆಳಗೆ ಒಂದು ಸಾವಿರ ಬಂದು ನಿಲ್ಲುತ್ತವೆ. ಕೂಡುವವನ ಕಣ್ಣು ಮೋಸಹೋಗಲು ಇನ್ನೇನು ಬೇಕು? ಎಲ್ಲವನ್ನೂ ನಡುವಿಗೆ ತರುವುದು ಆಮಂತ್ರಣಪತ್ರಿಕೆಗೆ ಒಪ್ಪೀತು, ಲೆಕ್ಕದ ಪಟ್ಟಿಗೆ ಒಪ್ಪದು. ದಶಮಾಂಶವಿದ್ದಲ್ಲಿ ಬಿಂದುಗಳೆಲ್ಲ ಒಂದೇ ನೇರದಲ್ಲಿ ಇಳಿಯಬೇಕು. ೧೨.೫ರ ಕೆಳಗೆ ೩.೭೫ ಬಂದರೆ ಮೊದಲನೆಯದನ್ನು ೧೨.೫೦ ಎಂದು ಬರೆಯುವುದು ಹಣದ ಲೆಕ್ಕದಲ್ಲಿ ಸರಿಯೇ. ಆದರೆ ಅಳತೆಯ ಲೆಕ್ಕದಲ್ಲಿ, ಅಳೆಯದೆ ಇದ್ದ ಸೂಕ್ಷ್ಮತೆಯನ್ನು ಸೊನ್ನೆಯಿಂದ ತುಂಬಿ ತೋರಿಸುವುದು ಸುಳ್ಳನ್ನು ಅಂದಗೊಳಿಸಿದಂತೆ.

೧೯೫೭ರ ಏಪ್ರಿಲ್ ೧ಕ್ಕೆ ಮುಂಚೆ ರೂಪಾಯಿ, ಆಣೆ, ಪೈ ಎಂದು ಹಣಕ್ಕೆ ಮೂರು ಮನೆಗಳಿದ್ದವು. ೧೨ ಪೈ ತುಂಬಿದರೆ ಒಂದು ಆಣೆ, ೧೬ ಆಣೆ ತುಂಬಿದರೆ ಒಂದು ರೂಪಾಯಿ ಎಡಮನೆಗೆ ಏರುತ್ತಿತ್ತು. ನೂರು ಪೈಸೆಯ ಪದ್ಧತಿ ಬಂದ ಮೇಲೆ ಒಂದು ಬಿಂದುವೇ ಸಾಕಾಯಿತು. ಭೂಮಿಯ ಲೆಕ್ಕ ಮಾತ್ರ ಹಾಗೆ ಬದಲಾಗಲಿಲ್ಲ. ಕರ್ನಾಟಕದ ಪಹಣಿಗಳಲ್ಲಿ ಇಂದಿಗೂ ವಿಸ್ತೀರ್ಣವನ್ನು ಎಕರೆ-ಗುಂಟೆಗಳಲ್ಲಿ ಬರೆಯುತ್ತಾರೆ. ಎಕರೆಗೆ ೪೦ ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆಯೆಂದರೆ ಎರಡೂವರೆ ಎಕರೆ. ಅದನ್ನೇ ಯಾರಾದರೂ ೨.೨೦ ಎಂದು ಬರೆದು, ಇನ್ನೊಬ್ಬರು ಆ ಚುಕ್ಕಿಯನ್ನು ದಶಮಾಂಶಬಿಂದುವೆಂದು ಓದಿದರೆ ಉಳಿಯುವುದು ಎರಡು ಎಕರೆ ಎಂಟು ಗುಂಟೆ ಮಾತ್ರ. ಹನ್ನೆರಡು ಗುಂಟೆ ಹೊಲ ಕಾಗದದ ಮೇಲೆಯೇ ಕರಗಿಹೋಯಿತು! ಒಂದೊಂದು ಗುಂಟೆಯೂ ೩೩ ಅಡಿ ಉದ್ದ, ೩೩ ಅಡಿ ಅಗಲದ ನೆಲವೆಂಬುದನ್ನು ನೆನೆದರೆ ನಷ್ಟದ ಪ್ರಮಾಣ ತಿಳಿದೀತು. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ೧ ಎಕರೆ ೨೫ ಗುಂಟೆ, ೨ ಎಕರೆ ೩೦ ಗುಂಟೆಗಳನ್ನು ಕೂಡಿದರೆ ೪ ಎಕರೆ ೧೫ ಗುಂಟೆಯಾಗಬೇಕು. ಚುಕ್ಕಿಯಿಟ್ಟು ಕೂಡಿದವನಿಗೆ ಸಿಗುವುದು ೩.೫೫. ಆದಕಾರಣ ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಕಂಬಸಾಲು ಹಾಕಿ, ಎರಡರಲ್ಲಿಯೂ ಅಂಕಿಗಳನ್ನು ಬಲಕ್ಕೆ ಆನಿಸಿ, ಒಂಟಿ ಗುಂಟೆಗಳನ್ನು ೦೫, ೦೮ ಎಂದು ಎರಡು ಸ್ಥಾನ ತುಂಬಿ ಬರೆಯುವುದೇ ಕ್ಷೇಮ.

ಕನ್ನಡ ಲಿಪಿಯದೇ ಆದ ತೊಡಕೊಂದುಂಟು. 'ವಿರೂಪಾಕ್ಷಪ್ಪ' ಎಂಬ ಹೆಸರಿನಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಡ್ಡಸಾಲುಗಳ ನಡುವೆ ಎಡೆ ಸಾಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸನ್ನು ಮುಟ್ಟಿ, ಯಾವ ಮೊತ್ತ ಯಾರದೆಂಬುದು ಮಸುಕಾಗುತ್ತದೆ. ಹೆಸರು ಎರಡು ಸಾಲಿಗೆ ಬೆಳೆದಾಗ ಎರಡನೆಯದನ್ನು ತುಸು ಒಳಕ್ಕೆ ತೆಗೆದುಕೊಂಡು, ಮೊತ್ತವನ್ನು ಮೊದಲ ಸಾಲಿನ ನೇರಕ್ಕೇ ಇಡಬೇಕು.

ಬೆರಳಚ್ಚು ಯಂತ್ರದ ಗಾಡಿಯು ಪ್ರತಿ ಅಂಕಿಗೂ ಒಂದೇ ಅಳತೆಯಷ್ಟು ಸರಿಯುತ್ತಿದ್ದುದರಿಂದ, ಖಾಲಿ ಜಾಗವನ್ನು ಎಣಿಸಿ ಬಿಟ್ಟರೂ ಸಾಲು ನೇರವಾಗುತ್ತಿತ್ತು. ಗಣಕಯಂತ್ರದ ಅಕ್ಷರಗಳ ಅಗಲ ಸಾಮಾನ್ಯವಾಗಿ ಒಂದೇ ಸಮನಲ್ಲ. ಅಲ್ಲಿ ಖಾಲಿ ಜಾಗ ಬಿಟ್ಟು ನೇರ ಮಾಡಹೊರಟರೆ ಸಾಲು ಡೊಂಕಾಗುತ್ತದೆ. ಕೋಷ್ಟಕವನ್ನೇ ರಚಿಸಿ, ಆಯಾ ಕಂಬಸಾಲಿಗೆ ಎಡ ಅಥವಾ ಬಲದ ಆನಿಕೆಯನ್ನು ವಿಧಿಸಬೇಕು. ಲೆಕ್ಕದ ತಂತ್ರಾಂಶಗಳು ಸಾಮಾನ್ಯವಾಗಿ ಸಂಖ್ಯೆಯನ್ನು ತಾವಾಗಿಯೇ ಬಲಕ್ಕೂ ಅಕ್ಷರವನ್ನು ಎಡಕ್ಕೂ ನಿಲ್ಲಿಸುತ್ತವೆ. ಮೊತ್ತವೊಂದು ತಾನಾಗಿ ಎಡಕ್ಕೆ ಹೋಗಿ ನಿಂತರೆ ಯಂತ್ರವು ಅದನ್ನು ಅಕ್ಷರವೆಂದು ಬಗೆದಿರುವ ಸಂಭವವುಂಟು. ಅಂಥದನ್ನು ಸಂಕಲನದ ಸೂತ್ರವು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. 'ರೂ.' ಎಂಬುದನ್ನು ಪ್ರತಿ ಮೊತ್ತದೊಡನೆ ಬೆರಳಚ್ಚಿಸದೆ ತಲೆಬರಹದಲ್ಲಿ ಒಮ್ಮೆ ಬರೆಯಬೇಕೆನ್ನುವುದು ಇದಕ್ಕಾಗಿಯೇ. ಇನ್ನು ಸರ್ವೆ ನಂಬರು, ದಾಖಲಾತಿ ಸಂಖ್ಯೆ, ದೂರವಾಣಿ ಸಂಖ್ಯೆಗಳು ಅಂಕಿಯ ವೇಷ ತೊಟ್ಟ ಹೆಸರುಗಳು. ಅವನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಹೆಸರುಗಳಂತೆ ಎಡಕ್ಕೇ ನಿಲ್ಲಿಸಬಹುದು.